ಡಿಎಸ್‌ಎಲ್‌ಆರ್ ಮತ್ತು ಮಿರರ್‌ಲೆಸ್: ಹತ್ತಿರದಿಂದ ಮುಖ ತೆಗೆಯುವವರಿಗೆ ಯಾವುದು?

ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕ್ಯಾಮೆರಾ ಬಿಟ್ಟು, ಕನ್ನಡಿಯಿಲ್ಲದ ಮಿರರ್‌ಲೆಸ್ ಕೊಂಡ ಮೇಲೆ ನನಗೆ ನೆಮ್ಮದಿ ಸಿಕ್ಕಿದ್ದು ಮುಖ್ಯವಾಗಿ ಫೋಕಸ್ ವಿಷಯದಲ್ಲಿ. ಎರಡರಲ್ಲೂ 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಅಳತೆಯ ಸೆನ್ಸರ್ (ಚಿತ್ರ ಹಿಡಿಯುವ ಭಾಗ) ಇರುವುದರಿಂದ ಬಣ್ಣ, ವಿವರಗಳ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ.

ನಾನು ಹೆಚ್ಚಾಗಿ ತೆಗೆಯುವುದು ಕಿಟಕಿಯ ಬೆಳಕಿನಲ್ಲಿ ಮನೆಯವರ ಮುಖಗಳನ್ನು. ಲೆನ್ಸ್ 50 ಮಿ.ಮೀ. ಎಫ್/1.8. ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ) ಪೂರ್ತಿ ತೆರೆದು ಒಂದು ಮೀಟರ್ ದೂರದಿಂದ ತೆಗೆದರೆ, ಸುಮಾರು 3 ಸೆಂಟಿಮೀಟರ್ ಆಳದೊಳಗೆ ಇರುವುದಷ್ಟೇ ಸ್ಪಷ್ಟವಾಗಿ ಮೂಡುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಕಣ್ಣಿನ ಮೇಲೆ ಫೋಕಸ್ ಬಿಂದು ಇಟ್ಟು ಒತ್ತಿದರೂ ಮೂಗಿನ ತುದಿ ಸ್ಪಷ್ಟವಾಗಿ, ರೆಪ್ಪೆಗೂದಲು ಮಸುಕಾಗಿ ಬರುತ್ತಿತ್ತು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದಾಗ ಹೊಟ್ಟೆ ಉರಿಯುತ್ತದೆ.

ಇದಕ್ಕೆ ಕಾರಣ ಒಳಗಿನ ರಚನೆ. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಮೂಲಕ ಬಂದ ಬೆಳಕನ್ನು 45 ಡಿಗ್ರಿ ವಾಲಿದ ಕನ್ನಡಿ ಮೇಲಕ್ಕೆ, ಕಣ್ಣಿಟ್ಟು ನೋಡುವ ವ್ಯೂಫೈಂಡರಿಗೆ ಕಳಿಸುತ್ತದೆ. ಆ ಕನ್ನಡಿಯ ನಡುಭಾಗ ಅರೆಪಾರದರ್ಶಕ. ಅದನ್ನು ದಾಟಿದ ಬೆಳಕನ್ನು ಹಿಂದಿರುವ ಇನ್ನೊಂದು ಪುಟ್ಟ ಕನ್ನಡಿ ಕೆಳಕ್ಕೆ ತಿರುಗಿಸುತ್ತದೆ. ಫೋಕಸ್ ಅಳೆಯುವ ಸೆನ್ಸರ್ ಇರುವುದು ಅಲ್ಲಿ, ತಳದಲ್ಲಿ. ಚಿತ್ರ ಹಿಡಿಯುವ ಸೆನ್ಸರ್ ಬೇರೆ, ಅದು ಹಿಂಬದಿಯಲ್ಲಿದೆ. ಲೆನ್ಸಿನಿಂದ ಈ ಎರಡಕ್ಕೂ ಇರುವ ದೂರ ಕರಾರುವಾಕ್ಕಾಗಿ ಒಂದೇ ಆಗಿರಬೇಕು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಫೋಕಸ್ ಮುಂದಕ್ಕೋ ಹಿಂದಕ್ಕೋ ಸರಿಯುತ್ತದೆ.

ತಪ್ಪು ಲೆನ್ಸಿನದಲ್ಲ ಎಂದು ಖಚಿತಪಡಿಸಿಕೊಳ್ಳುವುದು ಸುಲಭ. ಮೇಜಿನ ಮೇಲೆ ಸ್ಕೇಲ್ ಇಟ್ಟು ಓರೆಯಿಂದ, ನಡುವಿನ ಒಂದು ಗೆರೆಗೆ ಫೋಕಸ್ ಮಾಡಿ ತೆಗೆಯಿರಿ. ವ್ಯೂಫೈಂಡರ್ ಮೂಲಕ ತೆಗೆದಾಗ ನನ್ನ ಕ್ಯಾಮೆರಾ ಹತ್ತಿರದ ಗೆರೆಗಳನ್ನು ಹಿಡಿಯುತ್ತಿತ್ತು. ಲೈವ್ ವ್ಯೂನಲ್ಲಿ, ಅಂದರೆ ಹಿಂಬದಿಯ ಪರದೆ ನೋಡಿ ತೆಗೆಯುವಾಗ, ಕನ್ನಡಿ ಮೇಲೆದ್ದು, ಚಿತ್ರದ ಸೆನ್ಸರೇ ಅಳತೆ ಮಾಡುವುದರಿಂದ ಅದೇ ಲೆನ್ಸ್ ಬೇಕಾದ ಗೆರೆಯನ್ನೇ ಹಿಡಿಯಿತು. ಮೇಲ್ದರ್ಜೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಒಂದೊಂದು ಲೆನ್ಸಿಗೂ ತಿದ್ದುಪಡಿ ಮಾಡಿ ಉಳಿಸಿಕೊಳ್ಳುವ ಮೆನು ಇರುತ್ತದೆ. ನನ್ನದರಲ್ಲಿ ಇರಲಿಲ್ಲ. ಅಗ್ಗದ ಕ್ಯಾಮೆರಾ ಕೊಂಡವರಿಗೂ ಕಣ್ಣು ಸ್ಪಷ್ಟವಾಗಿ ಬರಬೇಕಲ್ಲವೇ? ಈ ಸೌಲಭ್ಯವನ್ನು ದುಬಾರಿ ಮಾದರಿಗಳಿಗೆ ಮಾತ್ರ ಮೀಸಲಿಡುವುದು ನನಗೆ ಸರಿ ಕಾಣುವುದಿಲ್ಲ.

ಮಿರರ್‌ಲೆಸ್‌ನಲ್ಲಿ ಈ ತಕರಾರಿನ ಮೂಲವೇ ಇಲ್ಲ. ಫೋಕಸ್ ಅಳೆಯುವ ಪಿಕ್ಸೆಲ್‌ಗಳು ಚಿತ್ರದ ಸೆನ್ಸರಿನಲ್ಲಿಯೇ ಇವೆ, ಜೊತೆಗೆ ಕಣ್ಣನ್ನು ಗುರುತಿಸಿ ಹಿಂಬಾಲಿಸುವ ವ್ಯವಸ್ಥೆಯೂ ಇದೆ. ಅದೇ ಹಳೆಯ ಲೆನ್ಸನ್ನು ಅಡಾಪ್ಟರ್ ಹಾಕಿ ಜೋಡಿಸಿದೆ. ರೆಪ್ಪೆಗೂದಲು ಒಂದೊಂದಾಗಿ ಎಣಿಸುವಂತೆ ಬಂತು. ಅಡಾಪ್ಟರಿಗೆ ಜಾಗ ಸಿಗುವುದೂ ಕನ್ನಡಿ ಇಲ್ಲದ್ದರಿಂದಲೇ: ಲೆನ್ಸ್ ಕೂರುವ ಮೌಂಟ್‌ನಿಂದ ಸೆನ್ಸರಿಗೆ ಇರುವ ಅಂತರ ಕ್ಯಾನನ್‌ನ ಡಿಎಸ್‌ಎಲ್‌ಆರ್ ಮೌಂಟ್ ಇಎಫ್‌ನಲ್ಲಿ 44 ಮಿ.ಮೀ., ಮಿರರ್‌ಲೆಸ್ ಮೌಂಟ್ ಆರ್‌ಎಫ್‌ನಲ್ಲಿ 20. ನಿಕಾನ್‌ನ ಡಿಎಸ್‌ಎಲ್‌ಆರ್ ಮೌಂಟ್ ಎಫ್‌ನಲ್ಲಿ 46.5, ಮಿರರ್‌ಲೆಸ್‌ನ ಜೆಡ್‌ನಲ್ಲಿ 16.

ಬ್ಯಾಟರಿಯಲ್ಲಿ ಡಿಎಸ್‌ಎಲ್‌ಆರ್‌ಗೆ ಸಾಟಿಯಿಲ್ಲ.

ಅದರ ವ್ಯೂಫೈಂಡರೂ ಚೆಂದ, ಕಾಣುವುದು ನಿಜವಾದ ಬೆಳಕು. ಆದರೆ ಮಿರರ್‌ಲೆಸ್‌ನ ವ್ಯೂಫೈಂಡರಿನಲ್ಲಿರುವ ಪುಟ್ಟ ಪರದೆ, ಚಿತ್ರ ಕಪ್ಪಾಗುತ್ತದೋ ಬಿಳಿಚಿಕೊಳ್ಳುತ್ತದೋ ಎಂಬುದನ್ನು ಒತ್ತುವ ಮೊದಲೇ ತೋರಿಸುತ್ತದೆ. ಕಿಟಕಿಗೆ ಬೆನ್ನು ಮಾಡಿ ಕುಳಿತವರನ್ನು ತೆಗೆಯುವಾಗ ನನಗೆ ಇದೇ ಹೆಚ್ಚು ಉಪಯೋಗ. ಲೆನ್ಸ್ ಬದಲಿಸುವಾಗ ಮಾತ್ರ ಎಚ್ಚರ ಬೇಕು: ಮುಂದೆ ಕನ್ನಡಿ ಇಲ್ಲದೆ ಸೆನ್ಸರ್ ಧೂಳಿಗೆ ತೆರೆದುಕೊಳ್ಳುತ್ತದೆ, ಹಾಗಾಗಿ ಕ್ಯಾಮೆರಾದ ಬಾಯಿ ಕೆಳಗೆ ಮಾಡಿಯೇ ಬದಲಿಸುತ್ತೇನೆ.

ದಿನವಿಡೀ ಹೊರಗೆ ತಿರುಗುವವರು, ಅಪರ್ಚರ್ ಕಿರಿದಾಗಿಸಿ ಎಫ್/8ರಲ್ಲಿ ಬೆಟ್ಟಗುಡ್ಡ ತೆಗೆಯುವವರು ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಕೊಂಡರೆ ಹಣ ಉಳಿಯುತ್ತದೆ; ಫೋಕಸಿನ ಸಣ್ಣ ತಪ್ಪು ಅಲ್ಲಿ ಕಾಣುವುದೇ ಇಲ್ಲ. ಹತ್ತಿರದಿಂದ ಮುಖ ತೆಗೆಯುವವರು ಕೈಯಲ್ಲಿ ಹಣ ಕಡಿಮೆ ಇದ್ದರೂ ಒಂದು ತಲೆಮಾರು ಹಳೆಯ ಮಿರರ್‌ಲೆಸ್ ಬಾಡಿ ಕೊಳ್ಳಿ. ಲೆನ್ಸ್ ಹಳೆಯದೇ ಸಾಕು, ಉಳಿದ ಹಣ ಅಡಾಪ್ಟರಿಗೆ ಮತ್ತು ಇನ್ನೊಂದು ಬ್ಯಾಟರಿಗೆ ಇರಲಿ.