ಎರ್ಬಿಯಂ ಲೇಸರ್ ಬಂದರೂ ನೀಲಿ ಜೆಲ್ ಟ್ರೇ ಬಿಟ್ಟು ಇಳಿದಿಲ್ಲ: ದೀರ್ಘ ಬಳಕೆಯ ವಿಮರ್ಶೆ

ಹಲ್ಲು ಕೊರೆಯುವ ಎರ್ಬಿಯಂ ಯಾಗ್ ಲೇಸರ್ ಮಾರಲು ಬರುವವರು ತಪ್ಪದೆ ಹೇಳುವ ಮಾತು: "ಇದಿದ್ದರೆ ಆಸಿಡ್ ಎಚಿಂಗೇ ಬೇಡ ಡಾಕ್ಟ್ರೇ." ಎಚಿಂಗ್ ಅಂದರೆ ಫಿಲ್ಲಿಂಗ್ ಗಟ್ಟಿಯಾಗಿ ಹಿಡಿಯಲೆಂದು ಹಲ್ಲಿನ ಹೊರಕವಚವಾದ ಎನಾಮಲ್ಲನ್ನು ತರಿತರಿ ಮಾಡುವುದು. ಹಲವು ಲಕ್ಷ ಸುರಿದು ಯಂತ್ರ ತರಲು ಹೊರಟವರು ಈ ಒಂದು ಮಾತನ್ನು ಲೆಕ್ಕದಿಂದ ತೆಗೆದುಬಿಡಿ. ಹುಳುಕು ತೆಗೆಯಲು ಲೇಸರ್ ಒಳ್ಳೆಯದೇ. ಆದರೆ ಎನಾಮಲ್ ಎಚ್ ಮಾಡುವ ವಿಷಯಕ್ಕೆ ಬಂದರೆ ಕೆಲವು ನೂರು ರೂಪಾಯಿಯ ನೀಲಿ ಆಸಿಡ್ ಜೆಲ್ ಸಿರಿಂಜಿಗೇ ನಮ್ಮ ಮತ.

ಜೆಲ್‌ನದು ಹಳೆಯ ಕಥೆ. 1955ರಲ್ಲಿ ಅಮೆರಿಕದ ದಂತವೈದ್ಯ ಬ್ಯುನೊಕೋರ್ 85% ಫಾಸ್ಫಾರಿಕ್ ಆಸಿಡ್ಡನ್ನು 30 ಸೆಕೆಂಡ್ ಹಚ್ಚಿ, ರೆಸಿನ್ ಎನಾಮಲ್ಲಿಗೆ ಗಟ್ಟಿಯಾಗಿ ಹಿಡಿಯುತ್ತದೆ ಎಂದು ತೋರಿಸಿದರು. ಈಗಿನ ಜೆಲ್ ಸಾಮಾನ್ಯವಾಗಿ 37%. ಎನಾಮಲ್ಲಿನೊಳಗಿನ ಸೂಕ್ಷ್ಮ ದಂಡಗಳ ನಡುಭಾಗವೂ ಅಂಚೂ ಒಂದೇ ವೇಗದಲ್ಲಿ ಕರಗುವುದಿಲ್ಲ. ಮೇಲಿನ ಸುಮಾರು 10 ಮೈಕ್ರಾನ್ ಪೂರ್ತಿ ಹೋಗಿ, ಅದರ ಕೆಳಗೆ ಸಣ್ಣ ರಂಧ್ರಗಳ ಪದರ ಉಳಿಯುತ್ತದೆ. ಬಾಂಡ್ ಎಂಬ ಅಂಟು ಅದರೊಳಗೆ ಇಳಿದು ಗಟ್ಟಿಯಾಗುತ್ತದೆ.

ಜೆಲ್ ಕೈಕೊಟ್ಟಿತು ಅನ್ನಿಸುವ ಕಡೆ ತಪ್ಪು ಹೆಚ್ಚಾಗಿ ಕೈಯದೇ. ಫ್ಲೋರೈಡ್, ಎಣ್ಣೆ ಇಲ್ಲದ ಪ್ಯೂಮಿಸ್ ಪುಡಿಯನ್ನು ನೀರಲ್ಲಿ ಕಲಸಿ ಉಜ್ಜಿ, ತೊಳೆದು, ಹಲ್ಲನ್ನು ರಬ್ಬರ್ ಡ್ಯಾಮ್ ಹಾಳೆ ಅಥವಾ ಕಾಟನ್ ರೋಲ್ ಇಟ್ಟು ಬೇರ್ಪಡಿಸಿ. ಸಿರಿಂಜಿನ ಮೊದಲ ಹನಿಯನ್ನು ಪ್ಯಾಡ್ ಮೇಲೆ ಬಿಡಿ. ಸೂಜಿ ಕಟ್ಟಿಕೊಂಡಿದ್ದರೆ ಜೆಲ್ ಒಮ್ಮೆಲೇ ಚಿಮ್ಮಿ ವಸಡಿಗೆ ಬಿದ್ದು ಬೆಳ್ಳಗೆ ಸುಡುತ್ತದೆ. ಎನಾಮಲ್ ಮೇಲೆ 15ರಿಂದ 30 ಸೆಕೆಂಡ್ ಸಾಕು, ಅದರ ಒಳಗಿನ ಡೆಂಟಿನ್ ಪದರದ ಮೇಲೆ 15 ದಾಟಬೇಡಿ. ಮೊದಲು ಸಕ್ಷನ್‌ನಲ್ಲಿ ಜೆಲ್ ಎಳೆದು, ಆಮೇಲೆ 15–20 ಸೆಕೆಂಡ್ ತೊಳೆಯಿರಿ. ಗಾಳಿ ಹಾಯಿಸಿದಾಗ ಎನಾಮಲ್ ಸೀಮೆಸುಣ್ಣ ಬಳಿದ ಹಾಗೆ ಹೊಳಪಿಲ್ಲದ ಬಿಳುಪಿಗೆ ತಿರುಗಬೇಕು. ಎಲ್ಲಾದರೂ ಮಿರುಗುತ್ತಿದ್ದರೆ ಅಲ್ಲಿ ಮತ್ತೊಮ್ಮೆ ಹಚ್ಚಿ. ಎಚ್ ಆದ ಮೇಲೆ ಜೊಲ್ಲು ತಾಗಿದರೆ ಒರೆಸಿ ಮುಂದೆ ಹೋಗುವವರೇ ಜಾಸ್ತಿ. ಅದು ಸಲ್ಲದು, ತೊಳೆದು 10 ಸೆಕೆಂಡ್ ಮತ್ತೆ ಎಚ್ ಮಾಡಿ. ಬಾಂಡಿಂಗ್ ಪದೇ ಪದೇ ಕಿತ್ತು ಬರುತ್ತಿದ್ದರೆ ಜೆಲ್ ಕಂಪನಿಯನ್ನು ಬೈಯುವ ಮೊದಲು ಗಾಳಿ, ನೀರು ಊದುವ ತ್ರೀ-ವೇ ಸಿರಿಂಜಿನ ಗಾಳಿಯನ್ನು ಬಾಯಿಗನ್ನಡಿ ಮೇಲೆ ಊದಿ ನೋಡಿ. ಕನ್ನಡಿಯಲ್ಲಿ ಜಿಡ್ಡು ಕಂಡರೆ ಕಳ್ಳ ಕಂಪ್ರೆಸರ್ ಒಳಗೇ ಇದ್ದಾನೆ.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ ಕಡೆಯ ಬೋರ್‌ವೆಲ್ ನೀರು ಕುಡಿದು ಬೆಳೆದವರ ಹಲ್ಲಿನಲ್ಲಿ ಲೆಕ್ಕ ಬದಲಾಗುತ್ತದೆ. ನೀರಿನ ಅತಿ ಫ್ಲೋರೈಡಿಗೆ ಫ್ಲೋರೋಸಿಸ್ ಆದ ಎನಾಮಲ್ಲಿನ ಹೊರಪದರ ಆಸಿಡ್ಡಿಗೆ ಬಗ್ಗುವುದಿಲ್ಲ. 15 ಸೆಕೆಂಡಿಗೆ ತೊಳೆದರೆ ಹಲ್ಲು ಹಾಗೇ ಮಿರಿಮಿರಿ. ಅವಧಿಯನ್ನು ಎರಡು ಪಟ್ಟು ಮಾಡಿ, ಇಲ್ಲವೇ ನಯವಾದ ಡೈಮಂಡ್ ಬರ್‌ನಿಂದ ಹೊರಪದರವನ್ನು ತುಸು ಸವರಿ ಆಮೇಲೆ ಜೆಲ್ ಹಚ್ಚಿ.

ಇನ್ನು ಲೇಸರ್. ಎರ್ಬಿಯಂ ಯಾಗ್‌ನ 2940 ನ್ಯಾನೊಮೀಟರ್ ಬೆಳಕನ್ನು ನೀರು ಗಬಕ್ಕನೆ ಹೀರುತ್ತದೆ. ಎನಾಮಲ್ ಒಳಗಿನ ಚೂರುಪಾರು ನೀರು ಕ್ಷಣದಲ್ಲಿ ಆವಿಯಾಗಿ ಸಿಡಿದು ಖನಿಜವನ್ನು ಕಿತ್ತೊಗೆಯುತ್ತದೆ. ಹಲ್ಲು ಕೊರೆಯಲು ಅಮೆರಿಕದ ಎಫ್‌ಡಿಎ 1997ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಸ್ಕ್ರೀನ್ ಮೇಲಿನ ವ್ಯಾಟ್ ಒಂದನ್ನೇ ನಂಬಬೇಡಿ: 100 ಮಿಲಿಜೌಲ್ 10 ಹರ್ಟ್ಸ್‌ನಲ್ಲೂ 1 ವ್ಯಾಟ್, 50 ಮಿಲಿಜೌಲ್ 20 ಹರ್ಟ್ಸ್‌ನಲ್ಲೂ 1 ವ್ಯಾಟ್, ಆದರೆ ಹಲ್ಲಿನ ಮೇಲಿನ ಪರಿಣಾಮ ಬೇರೆ ಬೇರೆ. ನೀರಿನ ಸ್ಪ್ರೇ ನಿಂತರೆ ಎನಾಮಲ್ ಕರಗಿ ಗಾಜಿನಂತಾಗುತ್ತದೆ, ಬಿಸಿ ಹಲ್ಲಿನೊಳಗೆ ನರವಿರುವ ಪಲ್ಪಿಗೆ ಇಳಿಯುತ್ತದೆ. ಪಲ್ಪಿನ ಉಷ್ಣತೆ 5.5 ಡಿಗ್ರಿ ಏರಿದರೆ ಅಪಾಯ ಎಂಬುದು 1965ರಿಂದ ಎಲ್ಲರೂ ಇಟ್ಟುಕೊಂಡಿರುವ ಗೆರೆ.

ಎಚಿಂಗ್‌ನಲ್ಲಿ ಇದು ಎಡವುವುದು ಎರಡು ಕಡೆ. ಜೆಲ್ ತಾನಾಗಿ ಹರಡಿ ಮೂಲೆಮೂಲೆಗೂ ತಲುಪುತ್ತದೆ. ಲೇಸರ್‌ನ ಚುಕ್ಕೆಯೋ ಒಂದು ಮಿಲಿಮೀಟರ್ ಆಸುಪಾಸು. ಪೂರ್ತಿ ಜಾಗವನ್ನು ಕೈಯಿಂದಲೇ ಗುಡಿಸಿಕೊಂಡು ಬರಬೇಕು. ಎಷ್ಟೇ ಪಳಗಿದ ಕೈಯಾದರೂ ನಡುವೆ ಮುಟ್ಟದ ಪಟ್ಟಿಗಳು ಉಳಿಯುತ್ತವೆ, ಎರಡು ಸಲ ಹಾದ ಕಡೆ ಗುಳಿ ಬೀಳುತ್ತದೆ. ಎರಡನೆಯದು ಕಣ್ಣಿಗೆ ಮೋಸ ಮಾಡುವಂಥದ್ದು. ಲೇಸರ್ ಆದ ಎನಾಮಲ್ ಕೂಡ ಒಣಗಿಸಿದಾಗ ಬೆಳ್ಳಗೇ ಕಾಣುತ್ತದೆ. ಜೆಲ್ ಹಚ್ಚಿದಾಗ ಆ ಬಿಳುಪು ಕೆಲಸ ಮುಗಿದ ಗುರುತು. ಲೇಸರ್‌ನಲ್ಲಿ ಅದು ಚಕ್ಕೆ ಎದ್ದ, ಸಣ್ಣಗೆ ಬಿರುಕು ಬಿಟ್ಟ ಮೇಲ್ಮೈಯದ್ದೂ ಆಗಿರಬಹುದು. ಬಾಂಡ್ ಆ ಸಡಿಲ ಚಕ್ಕೆಗೆ ಚೆನ್ನಾಗಿಯೇ ಅಂಟುತ್ತದೆ, ಆಮೇಲೆ ಚಕ್ಕೆಯ ಸಮೇತ ಎದ್ದು ಬರುತ್ತದೆ. ಬಿದ್ದ ಫಿಲ್ಲಿಂಗ್‌ನ ಅಡಿ ಎನಾಮಲ್ ಪುಡಿ ಅಂಟಿರುವುದು ಕಂಡರೆ ಕಾರಣ ಹೆಚ್ಚಾಗಿ ಇದೇ.

ಪರಿಹಾರ ಸರಳ. ಲೇಸರ್‌ನಿಂದ ಹುಳುಕು ತೆಗೆದು, ಕೊನೆಗೆ ಕಡಿಮೆ ಶಕ್ತಿಯಲ್ಲಿ ಅಂಚು ಸವರಿ, ಅದರ ಮೇಲೆ ಎಂದಿನಂತೆ ಜೆಲ್ ಹಚ್ಚಿ. ಸಡಿಲ ಚಕ್ಕೆಗಳು ಕರಗಿ ಹೋಗುತ್ತವೆ. ಹಾಗಾದರೆ ಆಸಿಡ್ ಉಳಿತಾಯ ಎಲ್ಲಿ ಆಯಿತು ಎಂದು ಮಾರಲು ಬಂದವರನ್ನೇ ಕೇಳಿ.

ಹಲ್ಲು ನೇರ ಮಾಡುವ ತಂತಿಗೆ ಬ್ರಾಕೆಟ್ ಅಂಟಿಸುವವರಿಗೆ ಒಂದು ಮಾತು. ಹಲ್ಲಿನ ಮೇಲೆ ನಿಲ್ಲಲು 5.9ರಿಂದ 7.8 ಮೆಗಾಪಾಸ್ಕಲ್ ಅಂಟುಬಲ ಸಾಕು ಎಂದು 1975ರಲ್ಲಿ ಸಂಶೋಧಕ ರೆನಾಲ್ಡ್ಸ್ ಇಟ್ಟ ಅಳತೆ ಇಂದಿಗೂ ಚಾಲ್ತಿಯಲ್ಲಿದೆ. 2780 ನ್ಯಾನೊಮೀಟರ್‌ನ ಎರ್ಬಿಯಂ-ಕ್ರೋಮಿಯಂ ಲೇಸರ್ 1.5–2 ವ್ಯಾಟ್‌ನಲ್ಲಿ ಇದನ್ನು ಮುಟ್ಟಬಲ್ಲದು. ತೊಂದರೆ ಸರಾಸರಿಯಲ್ಲಿಲ್ಲ, ಒಂದು ಹಲ್ಲಿನಿಂದ ಇನ್ನೊಂದಕ್ಕೆ ಆಗುವ ಏರುಪೇರಿನಲ್ಲಿದೆ. ಲೇಸರ್ ಮಾಡಿದ ಎನಾಮಲ್‌ಗೆ ಹುಳುಕಿನ ಮೊದಲ ಗುರುತಾದ ಬಿಳಿ ಮಚ್ಚೆ ಬರುವುದಿಲ್ಲ ಎಂಬ ಭರವಸೆಯನ್ನೂ ಅರ್ಧಕ್ಕೇ ಇಟ್ಟುಕೊಳ್ಳಿ. ಬಿಸಿಗೆ ಕಾರ್ಬೊನೇಟ್ ಕಡಿಮೆಯಾಗಿ ಎನಾಮಲ್ ಆಸಿಡ್ಡನ್ನು ಹೆಚ್ಚು ತಡೆಯುವುದು ನಿಜವೇ, ಆದರೆ ಬಿರುಕುಗಳು ಅದೇ ಆಸಿಡ್ಡಿಗೆ ದಾರಿಯನ್ನೂ ಬಿಡುತ್ತವೆ. ಫ್ಲೋರೈಡ್ ವಾರ್ನಿಶ್ ನಿಲ್ಲಿಸಬೇಡಿ.

ಲೇಸರ್‌ಗೆ ಪೂರ್ತಿ ಅಂಕ ಕೊಡುವ ಜಾಗವೂ ಇದೆ. ಹಲ್ಲು ಕೊರೆಯುವ ಡ್ರಿಲ್ ಏರೋಟರ್‌ನ ಕಿರ್‍ರೆನ್ನುವ ಸದ್ದಿಲ್ಲ, ಅದುರುವುದಿಲ್ಲ, ಬರೀ ಟಪಟಪ ಸಿಡಿತ. ಸಣ್ಣ ಹುಳುಕಿಗೆ ಎಷ್ಟೋ ಸಲ ಇಂಜೆಕ್ಷನ್ ಬೇಕಾಗುವುದಿಲ್ಲ, ಮಕ್ಕಳು ಕೂರುತ್ತಾರೆ. ಆದರೆ ನಿಧಾನ, ಖರ್ಚೂ ನಿಲ್ಲುವುದಿಲ್ಲ: ಟಿಪ್ ಸವೆಯುತ್ತದೆ, ಹ್ಯಾಂಡ್‌ಪೀಸ್ ಒಳಗಿನ ರಕ್ಷಣಾ ಗಾಜಿಗೆ ಕೊಳೆ ಕೂತರೆ ಸುಟ್ಟುಹೋಗುತ್ತದೆ, ನೀರು ಡಿಸ್ಟಿಲ್ಡೇ ಬೇಕು. ಕನ್ನಡಕ ಅದೇ ತರಂಗಾಂತರಕ್ಕೆ ಮಾಡಿದ್ದಾಗಿರಲಿ, ರೋಗಿಗೂ ಅಸಿಸ್ಟೆಂಟ್‌ಗೂ ಒಂದೊಂದು.

ಕೊಳ್ಳುವ ಮುನ್ನ ಡೆಮೊಗೆ ಬಂದವರ ಕೈಗೆ ಕಿತ್ತ ಹಲ್ಲೊಂದನ್ನು ಕೊಡಿ. ಅದನ್ನು ಶುದ್ಧಗೊಳಿಸಿ ಸಲೈನ್‌ನಲ್ಲಿ ಇಟ್ಟಿರಬೇಕು. ಒಣಗಿದ ಹಲ್ಲಿನ ಮೇಲೆ ಲೇಸರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಅರ್ಧಕ್ಕೆ ಲೇಸರ್ ಮಾತ್ರ, ಉಳಿದರ್ಧಕ್ಕೆ ಜೆಲ್ ಮಾತ್ರ. ಎರಡರ ಮೇಲೂ ಒಂದೇ ಬಾಂಡ್, ಒಂದೇ ಕಾಂಪೋಸಿಟ್ ಫಿಲ್ಲಿಂಗ್ ಹಾಕಿ ಬೆಳಕು ಹಾಯಿಸಿ ಗಟ್ಟಿ ಮಾಡಿ, ಒಂದು ದಿನ ನೀರಲ್ಲಿಡಿ. ಮಾರನೆಯ ದಿನ ಸ್ಕೇಲರ್ ತುದಿಯಿಂದ ಎರಡನ್ನೂ ಮೀಟಿ ನೋಡಿ.