ಇಂಕ್ ಟ್ಯಾಂಕ್ ವೈ-ಫೈ ಪ್ರಿಂಟರ್: ಮುದ್ರಣಕ್ಕೆ ಪೂರ್ಣ ಅಂಕ, ಜೋಡಣೆಗೆ ಅರ್ಧ

ಮುದ್ರಣ, ಸ್ಕ್ಯಾನ್, ಜೆರಾಕ್ಸ್ ಮೂರನ್ನೂ ಮಾಡುವ, 15,000 ರೂಪಾಯಿಯೊಳಗಿನ ವೈ-ಫೈ ಇಂಕ್ ಟ್ಯಾಂಕ್ ಪ್ರಿಂಟರೊಂದನ್ನು ಮನೆಯಲ್ಲಿ ಬಳಸುತ್ತಿದ್ದೇನೆ. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಇಲ್ಲಿ ಹೇಳಹೊರಟಿರುವ ತೊಡಕು ಈ ಬೆಲೆಯ ಯಾವ ಪ್ರಿಂಟರ್ ತಂದರೂ ಎದುರಾಗಬಹುದಾದದ್ದು. ಮುದ್ರಣದ ಗುಣಮಟ್ಟದ ಬಗ್ಗೆ ನನಗೆ ದೂರಿಲ್ಲ. ಪಹಣಿಯಲ್ಲಿನ ಸಣ್ಣ ಕನ್ನಡ ಅಕ್ಷರಗಳ ಒತ್ತುಗಳು ಸ್ಪಷ್ಟವಾಗಿ ಮೂಡುತ್ತವೆ, ಮಕ್ಕಳ ಶಾಲೆಯ ಪ್ರಾಜೆಕ್ಟ್‌ಗೆ ಬೇಕಾದ ಬಣ್ಣದ ಚಿತ್ರಗಳೂ ಚೆನ್ನಾಗಿ ಬರುತ್ತವೆ, ಶಾಯಿಯ ಖರ್ಚು ಕಾರ್ಟ್ರಿಜ್ ಪ್ರಿಂಟರ್‌ಗಿಂತ ಬಹಳ ಕಡಿಮೆ. ಆದರೆ ಕಂಪ್ಯೂಟರ್ ತನ್ನನ್ನು ದಿನವೂ ಗುರುತಿಸುವಂತೆ ನೆಲೆಗೊಳ್ಳುವ ವಿಷಯದಲ್ಲಿ ಈ ಯಂತ್ರ, ಅದರ ಕೈಪಿಡಿ ಮತ್ತು ಅದನ್ನು ಅಳವಡಿಸಿಕೊಡುವ ಸೇವೆ ಮೂರೂ ಹಿಂದೆ ಬಿದ್ದಿವೆ.

ಪ್ರಿಂಟರ್ ಜೊತೆಗೆ ಉಚಿತ ಅಳವಡಿಕೆಯ ಸೇವೆ ಇದೆ. ಮನೆಗೆ ಬಂದ ತಂತ್ರಜ್ಞರು ಸೌಜನ್ಯದಿಂದ ನಡೆದುಕೊಂಡರು, ಟ್ಯಾಂಕ್‌ಗೆ ಶಾಯಿ ತುಂಬಿ ತೋರಿಸಿದರು, ಮೊಬೈಲ್ ಆ್ಯಪ್ ಮೂಲಕ ವೈ-ಫೈಗೆ ಸೇರಿಸಿದರು, ಕಂಪ್ಯೂಟರ್ ತಾನಾಗಿಯೇ ಪ್ರಿಂಟರನ್ನು ಹುಡುಕಿಕೊಂಡ ಮೇಲೆ ಪರೀಕ್ಷಾ ಪುಟವೊಂದನ್ನು ಮುದ್ರಿಸಿ ಹೊರಟರು. ಅವರ ಪಟ್ಟಿಯಲ್ಲಿದ್ದ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಮುಂದೊಂದು ದಿನ ಕರೆಂಟ್ ಹೋಗಿ ಬಂದಾಗ ಏನಾಗುತ್ತದೆ ಎಂಬುದು ಆ ಪಟ್ಟಿಯಲ್ಲಿ ಇರಲಿಲ್ಲ. ನಮ್ಮ ಊರುಗಳಲ್ಲಿ ಪ್ರಿಂಟರ್ ಕೊಂಡವರನ್ನು ಹೆಚ್ಚು ಕಾಡುವುದು ಅದೇ.

ರೌಟರ್ ತನ್ನ ಜಾಲಕ್ಕೆ ಸೇರುವ ಪ್ರತಿ ಸಾಧನಕ್ಕೂ ಒಂದು ಐಪಿ ವಿಳಾಸವನ್ನು (ಜಾಲದೊಳಗೆ ಆ ಸಾಧನವನ್ನು ಗುರುತಿಸುವ ಸಂಖ್ಯೆ) ಅವಧಿಯ ಲೆಕ್ಕದಲ್ಲಿ ಕೊಡುತ್ತದೆ. ಕರೆಂಟ್ ಹೋಗಿ ರೌಟರ್ ಮತ್ತೆ ಚಾಲೂ ಆದಾಗ, ಅಥವಾ ಪ್ರಿಂಟರ್ ಬಹಳ ದಿನ ಆರಿಸಿದ್ದು ಮತ್ತೆ ಹೊತ್ತಿದಾಗ, ಮೊದಲು 192.168.1.5 ಆಗಿದ್ದ ವಿಳಾಸ 192.168.1.9 ಆಗಿಬಿಡಬಹುದು. ಮನೆ ಬದಲಿಸಿದವರನ್ನು ಹಳೆಯ ಬಾಗಿಲಲ್ಲಿ ನಿಂತು ಕೂಗಿದಂತೆ, ಕಂಪ್ಯೂಟರ್ ಹಳೆಯ ವಿಳಾಸಕ್ಕೇ ಕಡತವನ್ನು ಕಳುಹಿಸುತ್ತದೆ, ಉತ್ತರ ಬಾರದಿದ್ದಾಗ ‘ಆಫ್‌ಲೈನ್’ ಎಂದು ತೋರಿಸುತ್ತದೆ. ಪ್ರಿಂಟರಿನ ವೈ-ಫೈ ದೀಪ ಮಾತ್ರ ಸ್ಥಿರವಾಗಿ ಉರಿಯುತ್ತಲೇ ಇರುತ್ತದೆ. ಹೀಗಾದಾಗ ಡ್ರೈವರನ್ನು, ಅಂದರೆ ಪ್ರಿಂಟರನ್ನು ನಡೆಸುವ ತಂತ್ರಾಂಶವನ್ನು, ಕಿತ್ತು ಮತ್ತೆ ಹಾಕುವುದು ವಾಡಿಕೆ. ಮರುಶೋಧನೆಯಲ್ಲಿ ಹೊಸ ವಿಳಾಸ ಸಿಗುವುದರಿಂದ ಆ ಹೊತ್ತಿಗೆ ಕೆಲಸವಾಗುತ್ತದೆ, ಮೂಲ ಕಾರಣ ಹಾಗೆಯೇ ಉಳಿಯುತ್ತದೆ.

ವಿಂಡೋಸ್‌ನಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ತಾನಾಗಿ ಪತ್ತೆಯಾದ ಪ್ರಿಂಟರಿಗೆ ವಿಂಡೋಸ್ ಅನೇಕ ಸಲ ಡಬ್ಲ್ಯೂಎಸ್‌ಡಿ ಎಂಬ ಬಗೆಯ ಪೋರ್ಟನ್ನು (ಕಡತ ಪ್ರಿಂಟರಿಗೆ ಹೋಗುವ ದಾರಿ) ಕೊಡುತ್ತದೆ. ಇದು ಜಾಲಕ್ಕೆಲ್ಲ ಕೇಳುವಂತೆ ಕೂಗಿ ಹುಡುಕುವ ವ್ಯವಸ್ಥೆಯಾದ್ದರಿಂದ ವಿಳಾಸ ಬದಲಾದರೂ ಪ್ರಿಂಟರನ್ನು ಮತ್ತೆ ಕಂಡುಕೊಳ್ಳಬೇಕು. ಆದರೆ ನಿದ್ರಾಸ್ಥಿತಿಗೆ ಹೋದ ಪ್ರಿಂಟರ್ ಆ ಕೂಗಿಗೆ ಓಗೊಡದಿದ್ದರೆ, ಇಲ್ಲವೇ ರೌಟರ್ ಆ ಬಗೆಯ ಸಂದೇಶಗಳನ್ನು ಸರಿಯಾಗಿ ದಾಟಿಸದಿದ್ದರೆ, ಎದುರಿಗೇ ಇರುವ ಯಂತ್ರವೂ ಕಾಣದಾಗುತ್ತದೆ. ಪ್ರಿಂಟರ್ ಪ್ರಾಪರ್ಟೀಸ್ ತೆರೆದು ‘ಪೋರ್ಟ್ಸ್’ ಪುಟದಲ್ಲಿ ಗುರುತು ಹಾಕಿರುವ ಸಾಲು ಡಬ್ಲ್ಯೂಎಸ್‌ಡಿ ಎಂದು ಶುರುವಾಗುತ್ತದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು.

ನನ್ನ ಮನೆಯಲ್ಲಿ ತೊಂದರೆಯನ್ನು ಬುಡಸಮೇತ ತೆಗೆದದ್ದು ವಿಳಾಸವನ್ನು ಕಟ್ಟಿಹಾಕುವ ಉಪಾಯ. ಪ್ರಿಂಟರಿನಿಂದಲೇ ನೆಟ್‌ವರ್ಕ್ ವಿವರದ ಪುಟವನ್ನು ಮುದ್ರಿಸಿಕೊಂಡರೆ ಅದರಲ್ಲಿ ಐಪಿ ವಿಳಾಸವೂ, ಯಂತ್ರಕ್ಕೆ ತಯಾರಕರೇ ಕೊಟ್ಟಿರುವ ಬದಲಾಗದ ಗುರುತಾದ ಮ್ಯಾಕ್ ವಿಳಾಸವೂ ಇರುತ್ತವೆ. (ಅಲ್ಲಿ 169.254 ಎಂದು ಶುರುವಾಗುವ ವಿಳಾಸ ಕಂಡರೆ ರೌಟರಿನಿಂದ ಪ್ರಿಂಟರಿಗೆ ವಿಳಾಸ ಸಿಕ್ಕೇ ಇಲ್ಲ ಎಂದು ತಿಳಿಯಬೇಕು. ಆಗ ಕಂಪ್ಯೂಟರನ್ನು ಮುಟ್ಟದೆ ವೈ-ಫೈ ಜೋಡಣೆಯನ್ನೇ ಮತ್ತೆ ಮಾಡಬೇಕು.) ರೌಟರಿನ ಸೆಟ್ಟಿಂಗ್ಸ್ ಪುಟದಲ್ಲಿ ಡಿಎಚ್‌ಸಿಪಿ ರಿಸರ್ವೇಶನ್ ಅಥವಾ ಅಡ್ರೆಸ್ ರಿಸರ್ವೇಶನ್ ಎಂಬ ಹೆಸರಿನಲ್ಲಿ ಸಿಗುವ ಸೌಲಭ್ಯದ ಮೂಲಕ ಆ ಮ್ಯಾಕ್ ವಿಳಾಸಕ್ಕೆ ಒಂದು ಐಪಿಯನ್ನು, ಉದಾಹರಣೆಗೆ 192.168.1.50ನ್ನು, ಕಾಯಂ ಮಾಡಿಸಬೇಕು. ಆಮೇಲೆ ವಿಂಡೋಸ್‌ನಲ್ಲಿ ತಾನಾಗಿ ಕಂಡ ಪ್ರಿಂಟರನ್ನು ತೆಗೆದುಹಾಕಿ, ಸೆಟ್ಟಿಂಗ್ಸ್‌ನ ‘ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್’ ಪುಟದಲ್ಲಿ ಕೈಯಾರೆ ಸೇರಿಸುವ ಆಯ್ಕೆಯನ್ನು ಒತ್ತಿ, ಐಪಿ ವಿಳಾಸದಿಂದ ಸೇರಿಸುವ ಸಾಲನ್ನು ಆರಿಸಿ, ಸಾಧನದ ಬಗೆಯನ್ನು ಟಿಸಿಪಿ/ಐಪಿ ಎಂದು ಕೊಟ್ಟು ಆ ಸಂಖ್ಯೆಯನ್ನು ಬರೆಯಬೇಕು. ಇಷ್ಟು ಮಾಡಿದ ಮೇಲೆ ಕರೆಂಟ್ ಹೋಗಿ ಬಂದರೂ ನನ್ನ ಪ್ರಿಂಟರ್ ಕಾಣೆಯಾಗಿಲ್ಲ. ಮುದ್ರಣ ಆಗುತ್ತಿದ್ದರೂ ಆಫ್‌ಲೈನ್ ಎಂಬ ಬರಹ ಹೋಗದಿದ್ದರೆ, ಅದೇ ‘ಪೋರ್ಟ್ಸ್’ ಪುಟದ ‘ಕಾನ್ಫಿಗರ್ ಪೋರ್ಟ್’ ಒಳಗಿರುವ ಎಸ್‌ಎನ್‌ಎಂಪಿ ಎಂಬ ಗುರುತನ್ನು ತೆಗೆದು ನೋಡಬಹುದು. ಸ್ಥಿತಿಯನ್ನು ವಿಚಾರಿಸಲು ವಿಂಡೋಸ್ ಕೇಳುವ ಆ ಪ್ರಶ್ನೆಗೆ ಕೆಲವು ಪ್ರಿಂಟರ್‌ಗಳು ಉತ್ತರ ಕೊಡುವುದಿಲ್ಲ.

ಇಷ್ಟು ಮುಖ್ಯವಾದ ವಿಷಯಕ್ಕೆ ಕೈಪಿಡಿಯಲ್ಲಿ ಒಂದು ಪುಟವನ್ನೂ ಮೀಸಲಿಟ್ಟಿಲ್ಲ. ಶಾಯಿ ತುಂಬುವುದಕ್ಕೆ ಅಷ್ಟೊಂದು ಚಿತ್ರಗಳನ್ನು ಹಾಕಿದವರು ಈ ಹಂತಗಳನ್ನೂ ಚಿತ್ರಸಹಿತ ಮುದ್ರಿಸಿದ್ದರೆ, ಅದರಲ್ಲೂ ಕನ್ನಡದಲ್ಲಿ ಮುದ್ರಿಸಿದ್ದರೆ, ಹಿರಿಯರೂ ತಾವೇ ಮಾಡಿಕೊಳ್ಳಬಹುದಿತ್ತು.

ವೈ-ಫೈ ಜೋಡಣೆಯಲ್ಲಿ ಈ ಯಂತ್ರ 2.4 ಗಿಗಾಹರ್ಟ್ಸ್ ತರಂಗವನ್ನು ಮಾತ್ರ ಬಲ್ಲದು. ಕಂಪ್ಯೂಟರ್ ಕೂಡ ಅದೇ ತರಂಗದಲ್ಲಿರಬೇಕು ಎಂದು ಹಲವರು ನಂಬಿದ್ದಾರೆ, ಅದು ಸರಿಯಲ್ಲ. ಎರಡೂ ಒಂದೇ ರೌಟರಿನ ಒಂದೇ ಜಾಲದಲ್ಲಿದ್ದರೆ ಸಾಕು, 5 ಗಿಗಾಹರ್ಟ್ಸ್‌ನಲ್ಲಿರುವ ಲ್ಯಾಪ್‌ಟಾಪ್ 2.4ರಲ್ಲಿರುವ ಪ್ರಿಂಟರಿಗೆ ಧಾರಾಳವಾಗಿ ಕಡತ ಕಳುಹಿಸಬಹುದು. ಎರಡೂ ತರಂಗಗಳಿಗೆ ಒಂದೇ ಹೆಸರಿರುವ ಫೈಬರ್ ರೌಟರ್‌ಗಳಲ್ಲಿ ಮೊದಲ ಜೋಡಣೆ ವಿಫಲವಾಗುತ್ತಿದ್ದರೆ, ಸ್ವಲ್ಪ ಹೊತ್ತು 5 ಗಿಗಾಹರ್ಟ್ಸನ್ನು ಆಫ್ ಮಾಡಿ ಜೋಡಿಸಿಕೊಂಡು ಮತ್ತೆ ಆನ್ ಮಾಡಿದರೆ ಕೆಲಸವಾಗುತ್ತದೆ. ರೌಟರಿನ ಭದ್ರತೆಯನ್ನು ಡಬ್ಲ್ಯೂಪಿಎ3 ಎಂಬ ಹೊಸ ಬಗೆಗೆ ಮಾತ್ರ ಸೀಮಿತಗೊಳಿಸಿದ್ದರೆ ಹಳೆಯ ಬಗೆಯ ವೈ-ಫೈ ಚಿಪ್ ಇರುವ ಪ್ರಿಂಟರ್‌ಗಳು ಸೇರುವುದೇ ಇಲ್ಲ, ಆಗ ಡಬ್ಲ್ಯೂಪಿಎ2 ಕೂಡ ಇರುವ ಮಿಶ್ರ ಆಯ್ಕೆ ಬೇಕು.

ಯಂತ್ರದ ತಪ್ಪೇ ಇಲ್ಲದೆ ಅದು ಬೈಸಿಕೊಳ್ಳುವ ಸಂದರ್ಭಗಳನ್ನೂ ಹೇಳದಿದ್ದರೆ ಈ ವಿಮರ್ಶೆ ನ್ಯಾಯವಾಗದು. ಮಹಡಿಗೆ ಸಿಗ್ನಲ್ ಸಿಗುವುದಿಲ್ಲವೆಂದು ಎರಡನೆಯ ರೌಟರ್ ತಂದು ಕೇಬಲ್ ಸಿಕ್ಕಿಸಿದ ಮನೆಗಳಲ್ಲಿ, ಆ ರೌಟರ್ ತನ್ನದೇ ಬೇರೊಂದು ಜಾಲವನ್ನು ಕಟ್ಟಿಕೊಂಡಿರುತ್ತದೆ. ಕೆಳಗಿನ ಪ್ರಿಂಟರ್ 192.168.1ರಲ್ಲಿ, ಮೇಲಿನ ಕಂಪ್ಯೂಟರ್ 192.168.0ರಲ್ಲಿ ಇದ್ದರೆ ಹುಡುಕಾಟ ಅಲ್ಲೇ ನಿಂತುಹೋಗುತ್ತದೆ. ಎರಡನೆಯದನ್ನು, ಬೇರೆ ಜಾಲ ಕಟ್ಟದೆ ಮೊದಲ ರೌಟರಿನ ಜಾಲವನ್ನೇ ಹಂಚುವ ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ ಬದಲಿಸುವುದೇ ಪರಿಹಾರ. ಕಚೇರಿಯ ಲ್ಯಾಪ್‌ಟಾಪನ್ನು ಮನೆಯಿಂದಲೇ ಬಳಸುವವರಿಗೆ ವಿಪಿಎನ್ (ಕಚೇರಿಯ ಜಾಲಕ್ಕೆ ಸೇರಿಸುವ ಖಾಸಗಿ ಸಂಪರ್ಕ) ಅಡ್ಡಿಯಾಗಬಹುದು, ಎಲ್ಲ ಸಂಚಾರವನ್ನೂ ಕಚೇರಿಯ ಕಡೆಗೆ ತಿರುಗಿಸುವ ವಿಪಿಎನ್ ಚಾಲೂ ಇರುವಾಗ ಪಕ್ಕದ ಕೋಣೆಯ ಪ್ರಿಂಟರ್ ಕಾಣದಿರುವುದು ಸಹಜ. ಗೆಸ್ಟ್ ವೈ-ಫೈಗೆ ಸೇರಿದ ಸಾಧನಗಳು ಒಂದಕ್ಕೊಂದು ಕಾಣದಂತೆ ರೌಟರೇ ತಡೆಯುವುದುಂಟು. ವಿಂಡೋಸ್‌ನಲ್ಲಿ ಮನೆಯ ಜಾಲ ‘ಪಬ್ಲಿಕ್’ ಎಂದು ದಾಖಲಾಗಿದ್ದರೂ ಶೋಧನೆ ನಡೆಯುವುದಿಲ್ಲ, ‘ಪ್ರೈವೇಟ್’ ಮಾಡಬೇಕು. ಇನ್ನು ಪ್ರಿಂಟರ್ ಸರಿಯಾಗಿ ಕಂಡರೂ ಕಡತಗಳು ಸಾಲಿನಲ್ಲೇ ಸಿಕ್ಕಿಕೊಂಡಿದ್ದರೆ, ಅದು ಕಡತಗಳನ್ನು ಸಾಲಿನಲ್ಲಿಟ್ಟು ಕಳುಹಿಸುವ ಪ್ರಿಂಟ್ ಸ್ಪೂಲರ್ ಎಂಬ ವಿಂಡೋಸ್ ಸೇವೆಯ ಕಡೆಯ ಸಮಸ್ಯೆ. ಸರ್ವಿಸಸ್ ಪಟ್ಟಿಯಲ್ಲಿ ಅದನ್ನು ನಿಲ್ಲಿಸಿ ಮತ್ತೆ ಶುರು ಮಾಡಬೇಕು.

ವಿಂಡೋಸ್ ಬದಲು ಲಿನಕ್ಸ್ ಇರುವ ಹಳೆಯ ಕಂಪ್ಯೂಟರಿನಲ್ಲಿ ಈ ಪ್ರಿಂಟರ್ ಡ್ರೈವರ್ ಇಲ್ಲದೆಯೇ ಕೆಲಸ ಮಾಡಿತು, ಇದು ನಿಜಕ್ಕೂ ಸಂತೋಷದ ವಿಷಯ. ಇದರ ಹಿಂದಿರುವುದು ಸಿಯುಪಿಎಸ್ ಎಂಬ ಮುದ್ರಣ ವ್ಯವಸ್ಥೆ ಮತ್ತು ಐಪಿಪಿ ಎಂಬ ಮುಕ್ತ ಸಂವಹನ ನಿಯಮ. 2010ರಲ್ಲಿ ಆ್ಯಪಲ್ ತಂದ ಏರ್‌ಪ್ರಿಂಟ್‌ಗೂ ಇದೇ ನಿಯಮ ಬುನಾದಿ. ಆಂಡ್ರಾಯ್ಡ್ ಫೋನಿನಿಂದಲೂ ಪಿಡಿಎಫ್ ಸಲೀಸಾಗಿ ಮುದ್ರಣವಾಗುತ್ತದೆ. ಆದರೆ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಯೂನಿಕೋಡ್ ಅಲ್ಲದ ಕಡತವನ್ನು ಫೋನಿನಲ್ಲಿ ತೆರೆದರೆ ಆ ಫಾಂಟ್ ಅಲ್ಲಿ ಇಲ್ಲದ್ದರಿಂದ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಅಂಥದ್ದನ್ನು ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ಕಳುಹಿಸಿಕೊಳ್ಳಬೇಕು.

ಕೊಳ್ಳಲು ಹೊರಟವರಿಗೆ ನನ್ನ ಸಲಹೆ ಇಷ್ಟು: ಪ್ರಿಂಟರ್ ರೌಟರಿನ ಹತ್ತಿರವೇ ಇರುವುದಾದರೆ, ಸ್ವಲ್ಪ ಹೆಚ್ಚು ಹಣ ಕೊಟ್ಟಾದರೂ ರೌಟರಿಗೆ ಕೇಬಲ್‌ನಿಂದಲೇ ಜೋಡಿಸಬಹುದಾದ, ಈಥರ್ನೆಟ್ ಕಿಂಡಿಯಿರುವ ಮಾದರಿಯನ್ನೇ ತೆಗೆದುಕೊಳ್ಳಿ. ಅದಕ್ಕೂ ವಿಳಾಸವನ್ನು ಕಾಯಂ ಮಾಡಬೇಕಾದರೂ ವೈ-ಫೈನ ಅರ್ಧ ತಲೆನೋವು ತಪ್ಪುತ್ತದೆ. ಈಗಾಗಲೇ ವೈ-ಫೈ ಮಾತ್ರ ಇರುವುದನ್ನು ಕೊಂಡಿದ್ದರೆ, ಅಳವಡಿಕೆಗೆ ಬಂದ ತಂತ್ರಜ್ಞರು ಹೊರಡುವ ಮುನ್ನ ವಿಳಾಸವನ್ನು ಕಾಯಂ ಮಾಡಿಸಿ, ರೌಟರನ್ನೊಮ್ಮೆ ಆರಿಸಿ ಹಚ್ಚಿಸಿ, ಆಮೇಲೆ ಪರೀಕ್ಷಾ ಪುಟ ತೆಗೆಸಿರಿ. ಸ್ಕ್ಯಾನ್ ಮಾಡುವುದನ್ನೂ ಆಗಲೇ ನೋಡಿಕೊಳ್ಳಿ, ಏಕೆಂದರೆ ಮುದ್ರಣಕ್ಕೆ ಕೊಟ್ಟ ಟಿಸಿಪಿ/ಐಪಿ ಪೋರ್ಟ್ ಸ್ಕ್ಯಾನಿಗೆ ಅನ್ವಯಿಸುವುದಿಲ್ಲ, ಕಂಪನಿಯ ಸ್ಕ್ಯಾನ್ ತಂತ್ರಾಂಶದೊಳಗೆ ಅದೇ ವಿಳಾಸವನ್ನು ಪ್ರತ್ಯೇಕವಾಗಿ ಬರೆಯಬೇಕಾಗುತ್ತದೆ.