ಕಡಲಾಮೆ ನೋಡಲು ಸೆಲಿಂಗಾನ್‌ಗೋ, ಋಷಿಕುಲ್ಯಕ್ಕೋ, ಹೊನ್ನಾವರಕ್ಕೋ?

ಆಮೆ ಮೊಟ್ಟೆ ಇಡುವುದನ್ನು ಕಣ್ಣಾರೆ ನೋಡಬೇಕು, ಎಲ್ಲಿಗೆ ಹೋಗಲಿ ಅಂತ ಕೇಳಿದ್ದೀರಿ. ರಜೆ ಯಾವಾಗ, ಜೇಬು ಎಷ್ಟು, ಅದರ ಮೇಲೆ ಹೋಗುತ್ತದೆ.

ಆಮೆ ಕಾಣುವ ಭರವಸೆ ಜಾಸ್ತಿ ಇರುವುದು ಮಲೇಷ್ಯಾದ ಸೆಲಿಂಗಾನ್ ದ್ವೀಪದಲ್ಲಿ. ಸಬಾ ರಾಜ್ಯದ ಸಂಡಾಕಾನ್‌ನಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ. 1977ರಲ್ಲಿ ರಾಷ್ಟ್ರೀಯ ಉದ್ಯಾನವಾದ ಮೂರು ದ್ವೀಪಗಳಲ್ಲಿ ಇದೂ ಒಂದು. ಹಸಿರಾಮೆ ವರ್ಷವಿಡೀ ಬರುತ್ತದೆ, ಜುಲೈನಿಂದ ಅಕ್ಟೋಬರ್ ತನಕ ಇನ್ನೂ ಜಾಸ್ತಿ. ಆದರೆ ಕತ್ತಲಾದ ಮೇಲೆ ಮರಳಿಗೆ ಕಾಲಿಡುವ ಹಾಗಿಲ್ಲ. ಊಟ ಮುಗಿಸಿ ಸುಮ್ನೆ ಕಾಯಬೇಕು, ಕಾವಲುಗಾರರು ಕರೆದಾಗ ಎದ್ದು ಓಡಬೇಕು. ತಾಯಿ ಆಮೆ ಇಟ್ಟ ಮೊಟ್ಟೆಗಳು ಪಿಂಗ್‌ಪಾಂಗ್ ಚೆಂಡಿನಂತಿರುತ್ತವೆ. ಅವನ್ನು ಬಕೆಟ್ಟಿಗೆ ತುಂಬಿ ಒಯ್ದು, ಬೇಲಿಯೊಳಗಿನ ಗುಂಡಿಯಲ್ಲಿ ಹೂಳಿ, ಸುತ್ತ ಬಲೆ ಕಟ್ಟುತ್ತಾರೆ. ಕೊನೆಗೆ ಮರಿಗಳನ್ನು ನೀರಿಗೆ ಬಿಡುವುದನ್ನೂ ನೋಡಬಹುದು. ರಾತ್ರಿ ಅಲ್ಲೇ ಉಳಿಯಬೇಕು, ಮೇಲೆ ವಿಮಾನದ ಖರ್ಚು. ಅಗ್ಗ ಅಂತೂ ಅಲ್ಲ.

ಒಡಿಶಾದ ಋಷಿಕುಲ್ಯಕ್ಕೆ ಬ್ರಹ್ಮಪುರದವರೆಗೆ ರೈಲಿದೆ. ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಆಲಿವ್ ರಿಡ್ಲಿ ಆಮೆಗಳು ದಡ ಹತ್ತುವ ನೋಟಕ್ಕೆ ಸೆಲಿಂಗಾನ್ ಸಾಟಿಯಲ್ಲ. ಸಾಮಾನ್ಯವಾಗಿ ಫೆಬ್ರವರಿ–ಮಾರ್ಚ್. ಆದರೆ ತಾರೀಖು ಆಮೆಗಳದ್ದು! ಕೆಲವು ವರ್ಷ ಸಾಮೂಹಿಕವಾಗಿ ಬರುವುದೇ ಇಲ್ಲ. ರಜೆ ಹಿಂದೆ ಮುಂದೆ ಮಾಡಿಕೊಳ್ಳಬಲ್ಲವರಿಗೆ ಸರಿ.

ಪುಟ್ಟ ಮಕ್ಕಳಿದ್ದರೆ? ನಾನಾದರೆ ಹೊನ್ನಾವರದ ಕಾಸರಕೋಡು ಕಡೆ ಹೊರಡುತ್ತೇನೆ. ಇಲ್ಲಿ ಆಮೆ ಒಂದೊಂದೇ ಬರುತ್ತದೆ, ಸಿಗುವುದು ಅದೃಷ್ಟ. ಅರಣ್ಯ ಇಲಾಖೆ ಮತ್ತು ಮೀನುಗಾರರು ಕಾಯುವ ಗೂಡುಗಳಿಂದ ಮರಿ ಹೊರಬರುವ ದಿನ ಗೊತ್ತಾದರೆ ಬಸ್ಸಿನಲ್ಲೇ ಹೋಗಿಬರಬಹುದು. ಟಾರ್ಚ್ ಮಾತ್ರ ಹಚ್ಚಬೇಡಿ, ಮರಿಗಳು ಬೆಳಕಿನತ್ತ ತಿರುಗಿಬಿಡುತ್ತವೆ.